ಪಾವಣೇರ ಕಟ್ಟಿಗೆ

ಹೋದ ವಾರ ಅಥಣಿ ಪೇಟೆಯಲ್ಲಿ ಗಾಣದ ಎಣ್ಣೆ ಮಾರುವ ಅಂಗಡಿಗೆ ಹೋಗಿದ್ದೆ. ಅಗಸೆ ಎಣ್ಣೆ ಹಚ್ಚಿದರೆ ಮೊಣಕಾಲು ನೋವು ಕಡಿಮೆಯಾಗುತ್ತದೆ ಎಂದು ಹೆಂಡತಿಗೆ ಯಾರೋ ಹೇಳಿದ್ದಾರೆ. ತರುವ ಕೆಲಸ ನನ್ನದು. ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದ. ಆ ಹಸಿ ಹಸಿ, ಅರೆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಟಲಿ ಹಿಡಿದುಕೊಂಡು ನಿಂತಲ್ಲೇ ನಿಂತುಬಿಟ್ಟೆ. ‘ಎಷ್ಟ ಹಾಕ್ಲಿರಿ?’ ಎಂದು ಅವನು ಎರಡು ಸಲ ಕೇಳಿದನಂತೆ. ನನ್ನ ಲಕ್ಷ್ಯ ಅಲ್ಲಿರಲಿಲ್ಲ. ಮೂವತ್ತೈದು ವರ್ಷ ಹಿಂದಿನ ನಮ್ಮ ಎದುರಂಗಡಿಯ ಮೇಲಿತ್ತು.

ಎದುರಂಗಡಿಯವರು ಎಂದೇ ಬರೆಯುತ್ತೇನೆ. ಅವರ ಹೆಸರು ಹೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಊರೆಲ್ಲ ಅವರನ್ನು ಮಾಮಾ ಎನ್ನುತ್ತಿತ್ತು. ಮುಖದ ಮುಂದೆ ನಾನೂ ಮಾಮಾ ಎನ್ನುತ್ತಿದ್ದೆ. ಬೆನ್ನ ಹಿಂದೆ ಏನೇನು ಅಂದಿದ್ದೇನೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಮ್ಮದು ಬಡಿಗತನದ ಮನೆ. ಅಜ್ಜ ಕೂರಿಗೆ, ಕುಂಟೆ, ಚಕ್ಕಡಿ ಮಾಡುತ್ತಿದ್ದ. ಅಪ್ಪ ಬಾಗಿಲು, ಕಿಟಕಿ, ತೊಟ್ಟಿಲಿಗೆ ಬಂದ. ನಾನು ಅದರ ಜೊತೆಗೆ ಶೋಕೇಸು, ಟಿ.ವಿ. ಇಡುವ ಮೇಜು ಎಲ್ಲ ಶುರುಮಾಡಿದ್ದೆ. ಎಂಬತ್ತರ ದಶಕದ ಆ ದಿನಗಳಲ್ಲಿ ಕಬ್ಬು, ದ್ರಾಕ್ಷಿ ಬೆಳೆದವರು ಒಬ್ಬರ ಮೇಲೊಬ್ಬರು ಹಟ ಬಿದ್ದು ಮನೆ ಕಟ್ಟಿಸುತ್ತಿದ್ದರು, ನನಗೆ ತುರಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಕೆಲಸಕ್ಕೆ ಕಡಿಮೆಯಿಲ್ಲದಿದ್ದರೂ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ಅದಕ್ಕೆ ಕಾರಣ ರಸ್ತೆಯ ಆಚೆ ಕೂತಿದ್ದ ಈ ಮನುಷ್ಯ.

ಮಾಮಾ ಬಾಗಿಲು ಮಾಡುತ್ತಿರಲಿಲ್ಲ, ಮಂಚ ಮಾಡುತ್ತಿರಲಿಲ್ಲ. ಹಳೆಯ ರಂದಾ ರಿಪೇರಿ ಮಾಡುತ್ತಿದ್ದರು, ಅಷ್ಟೇ. ರಂದಾ ಎಂದರೆ ಕಟ್ಟಿಗೆಯನ್ನು ಹೆರೆದು ನುಣುಪು ಮಾಡುವ ಹತ್ಯಾರ. ದಕ್ಷಿಣದವರು ಉಜ್ಜುಗೊರಡು ಎನ್ನುತ್ತಾರಂತೆ. ತಳ ಸವೆದದ್ದು, ಬಾಯಿ ಅಗಲವಾದದ್ದು, ಹಿಡಿ ಮುರಿದದ್ದು, ಅಜ್ಜನ ಕಾಲದಿಂದ ಅಟ್ಟದ ಮೇಲೆ ಹುಳಕ್ಕೆ ಬಿಟ್ಟದ್ದು... ಅಂಥವನ್ನೆಲ್ಲ ಅವರು ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಅಗಸೆ ಎಣ್ಣೆಯಲ್ಲಿ ಮುಳುಗಿಸಿ ಇಡುತ್ತಿದ್ದರು. ಒಣಗಿ ಬಿರಿದ ಕಟ್ಟಿಗೆ ಎಣ್ಣೆ ಕುಡಿದು ಮತ್ತೆ ತುಂಬಿಕೊಳ್ಳುತ್ತಿತ್ತು. ಆಮೇಲೆ ಸವೆದ ತಳವನ್ನು ಕೊಯ್ದು ತೆಗೆದು, ಅಲ್ಲಿ ಬೇರೆ ಗಟ್ಟಿ ಕಟ್ಟಿಗೆ ಕೂರಿಸಿ, ಯಾರ ರಂದಾವೋ ಅವರ ಕೈಯನ್ನು ಹುತ್ತದ ಮಣ್ಣಿನ ಮುದ್ದೆಯ ಮೇಲೆ ಒತ್ತಿಸಿಕೊಂಡು, ಆ ಅಚ್ಚು ನೋಡಿ ಹಿಡಿ ಕೆತ್ತುತ್ತಿದ್ದರು.

ಆ ಬೇರೆ ಕಟ್ಟಿಗೆಗೆ ಅವರು ಇಟ್ಟ ಹೆಸರು ‘ಪಾವಣೇರು’. ನಮ್ಮ ಕಡೆ ಬಂಧುಬಳಗದ ಅತಿಥಿಗಳಿಗೆ ಹಾಗೆನ್ನುತ್ತೇವೆ. ಮಿರಜಿನಲ್ಲಿ ಸಿತಾರ ಮಾಡುವವರ ಹತ್ತಿರ ಉಳಿದ ಕರಿಮರದ ತುಂಡು, ಕಾಗವಾಡದಲ್ಲಿ ಕೆಡವಿದ ವಾಡೆಯಿಂದ ಬಂದ ಬರ್ಮಾ ಸಾಗವಾನಿ, ಯಾವುದೋ ದೇಶದ ಮಶೀನಿನ ಪೆಟ್ಟಿಗೆಯಿಂದ ಕಳಚಿದ ಹೆಸರಿಲ್ಲದ ಕೆಂಪು ಹಲಗೆ, ಎಲ್ಲವೂ ಪಾವಣೇರೇ. ಬಂದ ತುಂಡನ್ನು ತಕ್ಷಣ ಮುಟ್ಟುತ್ತಿರಲಿಲ್ಲ. ‘ಪಾವಣೇರಿಗೆ ಮೊದಲ ಮನಿ ರೂಢಿ ಆಗ್ಲಿ’ ಎಂದು ಹಲಗೆಯ ಮೇಲೆ ಒಂದು ತಿಂಗಳು ಸುಮ್ಮನೆ ಇಡುತ್ತಿದ್ದರು. ಕಟ್ಟಿಗೆಗೆ ನಮ್ಮ ಹವೆ ಒಗ್ಗಬೇಕಲ್ಲ, ಅದಕ್ಕೆ.

ಅಮಾವಾಸ್ಯೆಯ ದಿನ ನಮ್ಮ ಬಡಿಗರು ಕಟ್ಟಿಗೆಗೆ ಉಳಿ ಹಚ್ಚುವುದಿಲ್ಲ. ಎಲ್ಲ ಅಂಗಡಿಗೂ ಸೂಟಿ. ಆ ದಿನ ರಾಯಬಾಗ, ಚಿಕ್ಕೋಡಿ, ಕಾಗವಾಡ ಕಡೆಯಿಂದ ಬಡಿಗರು ಟವೆಲ್ಲಿನಲ್ಲಿ ರಂದಾ ಸುತ್ತಿಕೊಂಡು ಬರುತ್ತಿದ್ದರು. ನನ್ನ ಅಂಗಡಿಯ ಮುಂದೆ ಬೇವಿನ ಮರವಿತ್ತು. ಸೈಕಲ್ಲನ್ನು ನನ್ನ ನೆರಳಲ್ಲಿ ನಿಲ್ಲಿಸಿ, ನನ್ನ ಕಡೆ ಒಂದು ನಮಸ್ಕಾರ ಒಗೆದು, ರಸ್ತೆ ದಾಟಿ ಹೋಗಿಬಿಡುತ್ತಿದ್ದರು. ಊರಿನ ಮಂದಿ ಬಡಿಗನನ್ನು ಹೊಗಳುವುದರಲ್ಲಿ ಏನಿದೆ? ಗಾದಿಯ ಮೇಲೆ ಮಲಗಿದವನಿಗೆ ಮಂಚದ ಕೀಲು ಕಾಣುತ್ತದೆಯೇ? ಬಡಿಗರೇ ಬಂದು ತಲೆ ಬಾಗಿಸುವ ಬಡಿಗ ಆಗಬೇಕು ಎಂಬುದು ನನ್ನ ಆಸೆಯಾಗಿತ್ತು, ಅದು ಎದುರಿಗೆ ಹೋಗಿ ಕೂತಿತ್ತು.

ಅದನ್ನೂ ತಡೆದುಕೊಳ್ಳುತ್ತಿದ್ದೆನೋ ಏನೋ. ಆದರೆ ಅಪ್ಪನೂ ಎದುರಿಗೇ ಹೋಗಿ ಕೂರುತ್ತಿದ್ದ. ಕೈ ನಡುಗುವ ಕಾಯಿಲೆ ಬಂದು ಅವನು ಕೆಲಸ ಬಿಟ್ಟಿದ್ದ. ಬೆಳಿಗ್ಗೆ ರೊಟ್ಟಿ ತಿಂದವನೇ ಮಾಮಾನ ಅಂಗಡಿಯ ಕಟ್ಟೆ ಸೇರಿದರೆ ಮಧ್ಯಾಹ್ನದವರೆಗೆ ಅಲ್ಲೇ. ನಾನು ಮಾಡಿದ ಯಾವ ಬಾಗಿಲನ್ನೂ ಅಪ್ಪ ಒಂದು ದಿನ ಭೇಷ್ ಎಂದವನಲ್ಲ. ತಟ್ಟಿ ನೋಡಿ, ‘ಹೂಂ’ ಎಂದು ಹೊರಟುಬಿಡುತ್ತಿದ್ದ. ಆ ಕಟ್ಟೆಯ ಮೇಲೆ ಮಾತ್ರ ಭೇಷ್‌ಗಳ ಸುಗ್ಗಿ. ರಸ್ತೆ ಏನು ಮಹಾ ಅಗಲ? ಒಂದೊಂದೂ ದಾಟಿ ಬಂದು ನನ್ನ ಕಿವಿಗೆ ಬೀಳುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ನಾನು ರೊಡ್ಡ, ಅಂದರೆ ಎಡಚ. ಚಿಕ್ಕವನಿದ್ದಾಗ ಎಡಗೈಯಲ್ಲಿ ಹತ್ಯಾರ ಹಿಡಿದರೆ ಅಪ್ಪ ಅಳತೆ ಪಟ್ಟಿಯಿಂದ ಬೆರಳಿಗೆ ಏಟು ಕೊಡುತ್ತಿದ್ದ. ರಂದಾಗಳೆಲ್ಲ ಬಲಗೈಯವರಿಗೇ ಮಾಡಿದವು, ಅವನಾದರೂ ಏನು ಮಾಡಿಯಾನು. ಹಟದಿಂದ ಬಲಗೈ ಕಲಿತೆ. ದಿನವಿಡೀ ರಂದಾ ಹೊಡೆದರೆ ಸಂಜೆ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ.

ಒಂದು ದೀಪಾವಳಿ ಕಳೆದ ಮೇಲೆ ನಮ್ಮ ಮನೆಯ ದೊಡ್ಡ ರಂದಾ ಗೂಟದಿಂದ ಕಾಣೆಯಾಯಿತು. ಅಜ್ಜ ಸೀಸಂ ಕಟ್ಟಿಗೆಯಲ್ಲಿ ಮಾಡಿದ್ದು, ಅಪ್ಪ ಜೀವಮಾನವಿಡೀ ಹೊಡೆದದ್ದು. ಅಪ್ಪನ ನಂತರ ಅದು ನನ್ನದು ಎಂದು ನಾನು ಯಾರನ್ನೂ ಕೇಳದೆ ನಿರ್ಧರಿಸಿಕೊಂಡಿದ್ದೆ. ನೋಡಿದರೆ ಎದುರಂಗಡಿಯ ಎಣ್ಣೆಯ ಡಬ್ಬಿಯಿಂದ ಅದರ ಮೂತಿ ಹೊರಗೆ ಕಾಣುತ್ತಿತ್ತು. ನನಗೆ ಒಂದು ಮಾತು ಹೇಳಿಲ್ಲ, ಕೇಳಿಲ್ಲ!

‘ರಿಪೇರಿಗೆ ಒಯ್ದಿರಬೇಕ ಬಿಡ್ರಿ’ ಎಂದಳು ಹೆಂಡತಿ.

‘ಯಾಕ, ರಿಪೇರಿ ನನಗ ಬರೂದಿಲ್ಲೇನು?’

‘ಬರತೈತೇನ್ರಿ?’ ಎಂದು ಅವಳು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ನನಗೆ ಬರುತ್ತಿರಲಿಲ್ಲ. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಸಂಕ್ರಾಂತಿಯ ಆಸುಪಾಸಿಗೆ ಉಗಾರ ಖುರ್ದದಲ್ಲಿ ಒಂದು ಮನೆಗೆ ಬಾಗಿಲು ಕೂರಿಸಲು ಹೋಗಿದ್ದೆ. ಅಲ್ಲಿಯ ಗುಜರಿ ಅಂಗಡಿಯವನು ನನ್ನನ್ನು ಗುರುತು ಹಿಡಿದು ಕರೆದ. ಒಳಗಿನಿಂದ ಗೋಣಿತಟ್ಟು ಸುತ್ತಿದ ಒಂದು ತುಂಡು ತಂದುಕೊಟ್ಟ. ಗೇಣುದ್ದದ್ದಿರಬೇಕು, ಆದರೆ ಕೈ ಜಗ್ಗಿಹೋಯಿತು, ಕಬ್ಬಿಣವೇ ಎಂದುಕೊಂಡೆ. ಬಿಚ್ಚಿದರೆ ಕಟ್ಟಿಗೆ! ಹಸಿರು ಬೆರೆತ ಕಂದು ಬಣ್ಣ, ಮುಟ್ಟಿದರೆ ಜಿಡ್ಡು. ಯಾವುದೋ ಹಳೆಯ ವಿಲಾಯತಿ ಪಂಪಿನಲ್ಲಿ ಬೇರಿಂಗಿನ ಬದಲು ಇದನ್ನೇ ಹಾಕುತ್ತಿದ್ದರಂತೆ, ತನಗೆ ಬೇಕಾದ ಎಣ್ಣೆಯನ್ನು ತಾನೇ ಬಿಡುತ್ತದಂತೆ.

‘ಇದನ್ನ ಮಾಮಾಗ ಮುಟ್ಟಸ್ರಿ. ಎರಡ ತಿಂಗಳಿಂದ ಇಂಥಾದ್ದ ಒಂದ ಬೇಕಂತ ಗಂಟ ಬಿದ್ದಾರ. ನೀವು ಎದುರಿಗೇ ಇರ್ತೀರಲ್ಲ’ ಎಂದ.

ಆಗಲಿ ಎಂದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಕೊಡುವ ಮನಸ್ಸು ನನಗಿತ್ತು, ಇದನ್ನು ಯಾರಾದರೂ ನಂಬಲಿ ಬಿಡಲಿ. ಊರಲ್ಲಿಳಿದು ಅಂಗಡಿಯ ಹತ್ತಿರ ಬಂದಾಗ ಅಪ್ಪ ಎಂದಿನಂತೆ ಆ ಕಟ್ಟೆಯ ಮೇಲಿದ್ದ. ಮಾಮಾ ಚಹಾವನ್ನು ಬಶಿಗೆ ಸುರುವಿ, ಊದಿ, ಅಪ್ಪನ ಬಾಯಿಗೆ ಹಿಡಿದಿದ್ದರು. ಅಪ್ಪನ ಕೈ ನಡುಗಿ ಚೆಲ್ಲುತ್ತದಲ್ಲ, ಅದಕ್ಕೆ. ಮನೆಯಲ್ಲಿ ನಾನು ಹಾಗೆ ಕುಡಿಸಲು ಹೋದರೆ ಅಪ್ಪ ಕೈ ಸರಿಸಿಬಿಡುತ್ತಿದ್ದ. ಅಲ್ಲಿ ಶಾಂತವಾಗಿ ಕುಡಿಯುತ್ತಿದ್ದ... ನನಗೆ ಪಿತ್ತ ನೆತ್ತಿಗೇರಿತು. ನೇರ ನನ್ನ ಅಂಗಡಿಗೆ ಹೋಗಿ ಆ ತುಂಡನ್ನು ಕೆಲಸದ ಮೇಜಿನ ಕೆಳಗೆ ತಳ್ಳಿದೆ.

ಮರುದಿನ ಮಾಮಾ ಬಂದು, ‘ತಮ್ಮಾ, ಉಗಾರಕ್ಕ ಹೋಗಿದ್ದೆಂತ. ಗುಜರಿಯಾಂವ ಭೆಟ್ಟಿ ಆಗಿದ್ದನೇನು?’ ಎಂದು ಕೇಳಿದರು.

‘ಇಲ್ರಿ ಮಾಮಾ, ಆ ಕಡೆ ಹೋಗಲೇ ಇಲ್ಲ’ ಎಂದೆ.

ಇಷ್ಟು ಸುಲಭವಾಗಿ ಸುಳ್ಳು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅವರು ಹೋದ ಮೇಲೆ, ಅಂಥದ್ದೇನಿದೆ ಇದರಲ್ಲಿ ನೋಡೋಣ ಎಂದು ರಂದಾ ಹಚ್ಚಿದೆ. ಅಲಗಿನ ಬಾಯಿ ಮುರಿಯಿತು. ಬಕೀಟಿನ ನೀರಿಗೆ ಹಾಕಿದೆ, ಕಲ್ಲಿನಂತೆ ಮುಳುಗಿತು. ಕೊನೆಗೆ ಅದನ್ನು ಡೊಂಕು ಮೊಳೆಗಳನ್ನು ಬಡಿದು ನೆಟ್ಟಗೆ ಮಾಡುವ ಅಡಿಮಣೆ ಮಾಡಿಕೊಂಡೆ. ಮೊಳೆ ಬಡಿಯುವಾಗಲೆಲ್ಲ ಒಳಗೊಳಗೆ ಖುಷಿಯಾಗುತ್ತಿತ್ತು, ಇದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಅಪ್ಪ ದಿನಾ ಬೆಳಿಗ್ಗೆ ಆ ಕಟ್ಟೆ ಹತ್ತುತ್ತಲೇ ಕೇಳುವ ಮಾತು ಒಂದೇ ಆಯಿತು. ‘ಏನಪಾ, ಪಾವಣೇರ ಬಂದ್ರೇನು?’ ‘ಇನ್ನಾ ಇಲ್ರಿ ಅಣ್ಣಾರ’ ಎಂದು ಮಾಮಾ ಹೇಳುವುದು. ನಮ್ಮ ಮನೆಯ ರಂದಾ ತಳವಿಲ್ಲದೆ ಅವರ ಹಲಗೆಯ ಮೇಲೆ ಕೂತಿತ್ತು. ಇದೇ ತುಂಡಿಗಾಗಿ ಇಬ್ಬರೂ ಕಾಯುತ್ತಿದ್ದಾರೆಂದು ನನಗೆ ತಿಳಿಯಿತು. ಅಪ್ಪ ಆ ರಂದಾವನ್ನು ಮಾಮಾನಿಗೇ ಕೊಟ್ಟುಬಿಟ್ಟಿದ್ದಾನೆ, ಅದನ್ನು ಅವರು ತಮಗಾಗಿ ಸಿಂಗಾರ ಮಾಡಿಕೊಳ್ಳುತ್ತಿದ್ದಾರೆ ಎಂದೇ ನಾನು ಲೆಕ್ಕ ಹಾಕಿದ್ದೆ. ಕಾಯಲಿ, ಚೆನ್ನಾಗಿ ಕಾಯಲಿ ಎಂದುಕೊಂಡೆ.

ಮಳೆಗಾಲದಲ್ಲಿ ಅಪ್ಪ ಹಾಸಿಗೆ ಹಿಡಿದ. ಶ್ರಾವಣ ಬರುವಷ್ಟರಲ್ಲಿ ಮಾತು ತೊದಲತೊಡಗಿತು. ಬಿಡಿಸಿ ಕೇಳಿಸುತ್ತಿದ್ದದ್ದು ಅದೊಂದೇ: ‘ಪಾವಣೇರ ಬಂದ್ರೇನು?’ ಮನೆಯವರೆಲ್ಲ ಏನು ತಿಳಿದಾರು? ಬಂಧುಬಳಗ ನೋಡುವ ಆಸೆಯಾಗಿದೆ ಎಂದುಕೊಂಡು ಚಿಂಚಲಿಗೆ ಹೇಳಿ ಕಳಿಸಿದರು. ಅಪ್ಪನ ತಂಗಿ ಸಿಕ್ಕಿದ ಬಸ್ಸು ಹತ್ತಿ ಓಡಿ ಬಂದಳು. ‘ಅಣ್ಣಾ, ನಾ ಬಂದೇನಿ ನೋಡೋ’ ಎಂದು ತಲೆಯ ಹತ್ತಿರ ಕೂತು ಅತ್ತಳು. ಅಪ್ಪ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಮತ್ತೆ ಬಾಗಿಲ ಕಡೆ ತಿರುಗಿ ಅದನ್ನೇ ಕೇಳಿದ. ‘ಇನ್ನ್ಯಾರನ್ನ ನೆನಸಾಕತ್ತಾನೋ’ ಎಂದು ಮನೆಯವರು ಉಳಿದ ನೆಂಟರನ್ನೂ ಕರೆಸಿದರು.

ಅಪ್ಪ ಕೇಳುತ್ತಿದ್ದದ್ದು ಏನೆಂದು ಆ ಮನೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಬಾಗಿಲ ಚೌಕಟ್ಟಿಗೆ ಆತುಕೊಂಡು ನಿಂತಿದ್ದೆ. ಅಂಗಡಿ ಅಲ್ಲೇ ಮುಂದೆ. ಹೋಗಿ ಆ ತುಂಡನ್ನು ತಂದು ಅವನ ಕೈಗಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಸಾಯುವ ಹೊತ್ತಿನಲ್ಲೂ ಇವನಿಗೆ ಆ ಮನುಷ್ಯನ ರಂದಾದ್ದೇ ಧ್ಯಾನ, ಮಗನ ಹೆಸರು ಬಾಯಿಗೆ ಬರಲಿಲ್ಲ ಎಂಬ ಸಿಟ್ಟು ನನ್ನ ಕಾಲು ಕಟ್ಟಿಹಾಕಿತು. ನಾನು ಹೋಗಲಿಲ್ಲ.

ಸಂಜೆ ಮಾಮಾ ಬಂದರು. ಅಪ್ಪನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಅಪ್ಪನ ಮುಖ ಸಡಿಲಾಯಿತು. ಅದಾದ ಮೇಲೆ ಅವನು ಪಾವಣೇರ ಮಾತೆತ್ತಲಿಲ್ಲ. ಮರುದಿನ ಬೆಳಿಗ್ಗೆ ಹೋಗಿಬಿಟ್ಟ... ಮಣ್ಣು ಕೊಟ್ಟು ಬಂದ ಮೇಲೂ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಅಪ್ಪನ ಸಾವಲ್ಲ. ಅಷ್ಟು ಜನರಿಗೆ ಆಗದ್ದನ್ನು ಮಾಮಾ ಒಂದು ಮಾತಿನಲ್ಲಿ ಹೇಗೆ ಮಾಡಿದರು, ಏನು ಹೇಳಿದರು ಎಂಬುದೇ ಕೊರೆಯುತ್ತಿತ್ತು.

ಆ ವರ್ಷ ನಮಗೆ ಹಬ್ಬವಿಲ್ಲ. ಖಂಡೇ ಪೂಜೆಯ ದಿನ ಎಲ್ಲ ಅಂಗಡಿಗಳಲ್ಲೂ ಹತ್ಯಾರ ತೊಳೆದು ಪೂಜೆಗಿಟ್ಟಿದ್ದರು, ನಾನು ಬಾಗಿಲು ಮುಚ್ಚಿಕೊಂಡು ಒಳಗೆ ಕೂತಿದ್ದೆ. ಮಾಮಾ ಬಿಳಿ ಪಂಚೆಯಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ‘ಹತ್ಯಾರಕ್ಕ ಸೂತಕ ಇರೂದಿಲ್ಲ, ತಮ್ಮಾ’ ಎಂದು ನನ್ನ ಮುಂದೆ ಇಟ್ಟರು. ನಮ್ಮ ರಂದಾ. ಅಜ್ಜನ ಸೀಸಂ ಎಣ್ಣೆ ಕುಡಿದು ಮಿರಿಮಿರಿ ಮಿಂಚುತ್ತಿತ್ತು. ಅಲಗನ್ನು ಬಿಗಿಯುವ ಬೆಣೆ ಕರಿಮರದ್ದು. ಹಿಡಿ ಹೊಸದು. ಹಿಡಿಯಲು ಬಲಗೈ ಚಾಚಿದೆ, ಕೂಡಲಿಲ್ಲ. ಹೆಬ್ಬೆರಳು ಕೂರುವ ತಗ್ಗು ಇನ್ನೊಂದು ಬದಿಗಿತ್ತು. ಎಡಗೈಯಲ್ಲಿ ಹಿಡಿದೆ. ಒಳಗೆ ಜಾರಿ ಕೂತಿತು.

‘ನಿಮ್ಮಪ್ಪನ ಹುಕುಂ’ ಎಂದರು ಮಾಮಾ. ‘ಸಣ್ಣಾಂವ ಇದ್ದಾಗ ಅವನ ಕೈ ತಿರುಗಿಸಿದೆ, ತಪ್ಪಾತು. ಈಗ ರಂದಾ ತಿರುಗಿಸಿ ಕೊಡೋಣು ಅಂದ್ರು. ದಸರಾಕ್ಕ ತಾವs ನಿನ್ನ ಕೈಯಾಗ ಕೊಡಾವ್ರಿದ್ರು. ತಳಕ್ಕ ಬ್ಯಾರೆ ಕಟ್ಟಿಗಿ ಹಾಕೂದಿತ್ತು, ಸಿಗಲಿಲ್ಲ. ಜಾಲಿ ಹಾಕೇನಿ. ನನ್ನ ಮನಸಿನಂಗ ಆಗಿಲ್ಲ.’

ಮೊಳೆಯ ಗಾಯ ತುಂಬಿದ ಆ ತುಂಡು ಮೇಜಿನ ಕೆಳಗೆ ನಮ್ಮಿಬ್ಬರ ಕಾಲ ಬುಡದಲ್ಲೇ ಬಿದ್ದಿತ್ತು. ನಾಚಿಕೆಯಾಯಿತು, ನಿಜ. ಆದರೆ ಆ ನಾಚಿಕೆಯ ನಡುವೆಯೂ ಒಂದು ಉರಿ ಎದ್ದಿತು. ‘ತಪ್ಪಾತು’ ಎಂಬ ಮಾತನ್ನು ಅಪ್ಪ ನನಗೆ ಹೇಳಲಿಲ್ಲ, ಅವರಿಗೆ ಹೇಳಿದ್ದ. ನನ್ನ ಅಪ್ಪನ ಮನಸ್ಸು ಅವರ ಹತ್ತಿರ ಇತ್ತು, ನನಗೆ ಸಿಕ್ಕಿದ್ದು ರಂದಾ.

ಹಾಗೇ ವರ್ಷಗಳು ಉರುಳಿದವು. ತೊಂಬತ್ತರ ನಂತರ ಪ್ಲೈವುಡ್ ಬಂತು, ಕರೆಂಟಿನ ಮಶೀನುಗಳು ಬಂದವು. ಅಮಾವಾಸ್ಯೆಗೆ ಬರುವ ಸೈಕಲ್ಲುಗಳು ಐದಾದವು, ಎರಡಾದವು, ಆಮೇಲೆ ನಿಂತವು. ಇದರಿಂದ ನನಗೆ ಸಂತೋಷವಾಗಬೇಕಿತ್ತಲ್ಲ? ಆಗಲಿಲ್ಲ. ಮಾಮಾ ಅಂಗಡಿ ಮುಚ್ಚಿ ನಿಪ್ಪಾಣಿಗೆ ಮಗಳ ಮನೆಗೆ ಹೊರಡುವುದೆಂದಾಯಿತು. ಹೊರಡುವ ಹಿಂದಿನ ದಿನ ನಾನು ಆ ತುಂಡನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ರಸ್ತೆ ದಾಟಿದೆ. ಅದನ್ನು ಕೊಡಲು ಎಂಟು ವರ್ಷ ಹಿಡಿಯಿತು.

ಅವರು ಬಿಚ್ಚಿದರು. ಹೊರಳಿಸಿ ನೋಡಿದರು. ಮೊಳೆಯ ಗುರುತುಗಳ ಮೇಲೆ ಬೆರಳಾಡಿಸಿದರು.

‘ಮಾಮಾ, ಇದು...’ ಎಂದೆ.

‘ಗೊತ್ತೈತಿ.’

‘ಯಾವಾಗಿಂದ್ರಿ?’

‘ಆ ವರ್ಷದ ಹೋಳಿ ಹುಣ್ಣಿಮಿಯಿಂದ. ಗುಜರಿಯಾಂವ ಪ್ಯಾಟ್ಯಾಗ ಸಿಕ್ಕು ಹೇಳಿದ, ನಿನ್ನ ಕೈಯಾಗ ಕೊಟ್ಟೇನಂತ.’

ಹೋಳಿಯಿಂದ ಶ್ರಾವಣದವರೆಗೆ! ಅಪ್ಪ ದಿನಾ ಬೆಳಿಗ್ಗೆ ಕೇಳುತ್ತಿದ್ದ, ಇವರು ದಿನಾ ‘ಇನ್ನಾ ಇಲ್ರಿ ಅಣ್ಣಾರ’ ಎನ್ನುತ್ತಿದ್ದರು. ನನ್ನ ಮೇಜಿನ ಕೆಳಗೆ ಅದು ಬಿದ್ದಿರುವುದು ಗೊತ್ತಿದ್ದೂ ಹೇಳುತ್ತಿದ್ದರು.

‘ಯಾಕ ಬಂದು ಕೇಳಲಿಲ್ರಿ?’ ಎಂದೆ.

‘ನೀನs ತಂದು ಕೊಡ್ತಿ ಅಂತ ದಾರಿ ಕಾಯ್ದೆ. ಕೇಳಿ ಇಸ್ಕೊಂಡಿದ್ರ ನೀ ಮುಚ್ಚಿಟ್ಟದ್ದು ನಿಮ್ಮಪ್ಪಗ ಗೊತ್ತಾಗ್ತಿತ್ತಪಾ.’

ಅಷ್ಟು ವರ್ಷ ಕೊರೆದ ಪ್ರಶ್ನೆಯನ್ನು ಆಗ ಕೇಳಿದೆ. ‘ಕಡೀ ದಿನ ಅಪ್ಪನ ಕಿವ್ಯಾಗ ಏನ ಹೇಳಿದ್ರಿ?’

‘ಪಾವಣೇರ ಬಂದಾರ ಅಣ್ಣಾರ, ನಿಮ್ಮ ಮಗನs ಕರಕೊಂಡ ಬಂದಾನ ಅಂದೆ.’ ಮಾಮಾ ತುಂಡನ್ನು ಮತ್ತೆ ತಟ್ಟಿನಲ್ಲಿ ಸುತ್ತಿದರು. ‘ಸುಳ್ಳೇನ ಹೇಳಲಿಲ್ಲ ನೋಡು.’

ಅದನ್ನು ನನ್ನ ಕೈಗೇ ವಾಪಸು ಕೊಟ್ಟರು. ಮೊಳೆ ಬಡಿಯಲು ಚಲೋ ಐತಿ, ಇಟ್ಕೋ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅವರು ನಿಪ್ಪಾಣಿಯಲ್ಲಿ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರು ದಿನ ತಡವಾಗಿ. ಹೋಗಿ ಬಂದೆ, ಮಗಳಿಗೆ ಎರಡು ಮಾತು ಹೇಳಿದೆ. ಎದುರಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಬೇವಿನ ಮರವನ್ನು ರಸ್ತೆ ಅಗಲ ಮಾಡುವಾಗ ಕಡಿದರು. ನನ್ನ ಮಣಿಕಟ್ಟು ಎಷ್ಟೋ ವರ್ಷಗಳಿಂದ ನೋಯುತ್ತಿಲ್ಲ.

ಜನ ತೀರಿಹೋದ ಮೇಲೆ ಅವರ ಮೇಲಿನ ಹೊಟ್ಟೆಕಿಚ್ಚು ಆರುತ್ತದೆ ಎನ್ನುತ್ತಾರೆ. ನನ್ನದು ಆರಿಲ್ಲ. ಅವರ ಕೈಚಳಕ, ಅವರ ಹೆಸರು, ಅಮಾವಾಸ್ಯೆಯ ಜನ, ಅದೆಲ್ಲದರ ಮೇಲಿನ ಉರಿ ಯಾವಾಗಲೋ ಇಳಿದುಹೋಗಿದೆ. ಈಗ ಉಳಿದದ್ದು ಬೇರೆ. ಅಪ್ಪ ಕಣ್ಣು ಮುಚ್ಚುವಾಗ ತನ್ನ ಮಗ ಒಳ್ಳೆಯವನು ಎಂದು ನಂಬಿಕೊಂಡು ಹೋದ. ಅಂಥ ಮಗನನ್ನು ಅವನಿಗೆ ಕೊಟ್ಟು ಕಳಿಸಿದವರು ಅವರು. ನಾನು ಚೌಕಟ್ಟಿಗೆ ಆತುಕೊಂಡು ನಿಂತೇ ಇದ್ದೆ.